ಹನ್ನೊಂದು ನೇರಳೆ ಪೈರು

ಎಲ್ಲರಿಗೂ ನಮಸ್ಕಾರ. ಮೊದಲು ಸೊಣ್ಣಕ್ಕನ ಯಜಮಾನರು ಮಾದಯ್ಯಣ್ಣನಿಗೆ, ಮಗಳು ಶಾಂತಿಗೆ, ಮನೆಯವರೆಲ್ಲರಿಗೂ. ನಮ್ಮ ಫಾರ್ಮಿನ ಮುಖ್ಯಸ್ಥರಾದ ಡಾಕ್ಟರ್ ಕೃಷ್ಣಪ್ರಸಾದ್ ಅವರಿಗೆ. ಕಂಬೈನಲ್ಲೂರಿನಿಂದ, ಪೆನ್ನಾಗರಂ ಕಡೆಯಿಂದ ಎರಡು ಬಸ್ಸು ಬದಲಾಯಿಸಿ ಬಂದ ರೈತರಿಗೆ. ಮತ್ತೆ — ಹಿಂದೆ ಗೋಣಿಚೀಲ ಹಾಸಿಕೊಂಡು ಕೂತಿದ್ದೀರಲ್ಲ, ನಮ್ಮ ಕಳೆ ಕೀಳುವ ಹೆಂಗಸರು — ನಿಮಗೆ ಒಂದು ನಮಸ್ಕಾರ ಹೆಚ್ಚಾಗಿ. ಮುಂದೆ ಕುರ್ಚಿಗಳು ಖಾಲಿ ಇವೆ. ಬನ್ನಿ ಅಂದರೆ ನೀವು ಬರುವುದಿಲ್ಲ, ನನಗೆ ಗೊತ್ತು. ಇರಲಿ.

ನನಗಿಂತ ಮುಂಚೆ ಮಾತಾಡಿದ ಇಬ್ಬರೂ ತಮಿಳಿನಲ್ಲಿ ಚೆನ್ನಾಗಿ ಮಾತಾಡಿದರು. ನಾನೂ ತಮಿಳಿನಲ್ಲೇ ಬರೆದುಕೊಂಡು ಬಂದಿದ್ದೆ. ಆದರೆ ಶಾಂತಿ ಬಾಗಿಲಲ್ಲೇ ಹಿಡಿದು, ಅಮ್ಮನ ಬಗ್ಗೆ ಅಮ್ಮನ ಮಾತಿನಲ್ಲೇ ಹೇಳಿ ಅಂದಳು. ಆದ್ದರಿಂದ ಬರೆದದ್ದು ಜೇಬಿನಲ್ಲೇ ಇರಲಿ. ನನ್ನ ಕನ್ನಡ ಸ್ವಲ್ಪ ಅಚ್ಚಿನ ಕನ್ನಡದ ಹಾಗೆ ಕೇಳಿಸಿದರೆ ಕ್ಷಮಿಸಿ. ಓದಿದ್ದು ತಮಿಳು ಶಾಲೆಯಲ್ಲಿ. ಈ ಕನ್ನಡ ಬಂದದ್ದು ರೇಡಿಯೋದ ಕೃಷಿ ಕಾರ್ಯಕ್ರಮದಿಂದ. ಸೊಣ್ಣಕ್ಕ ಅದಕ್ಕೆ ನಗುತ್ತಿದ್ದರು. ‘ಪ್ರಭಾಕರ ಬಾಯ್ ಬುಟ್ರೆ ವಾರ್ತೆ ಓದ್ದಂಗೆ ಐತೆ’ ಅನ್ನುತ್ತಿದ್ದರು.

ಸಭೆಯ ಮರ್ಯಾದೆಗೆ ‘ದಿವಂಗತ ಶ್ರೀಮತಿ ಸೊಣ್ಣಮ್ಮನವರು’ ಅನ್ನಬೇಕು. ಒಂದು ಸಲ ಅಂದೆ. ಇನ್ನು ಮುಂದೆ ಸೊಣ್ಣಕ್ಕ.

ಸೊಣ್ಣಕ್ಕ ಈ ಫಾರ್ಮಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದರು. ಹೊರಗಿನಿಂದ ಬಂದವರಿಗೆ ಒಂದು ಮಾತು ತಿಳಿಸಬೇಕು — ನಮ್ಮದು ಸಣ್ಣ ಫಾರ್ಮ್. ದೊಡ್ಡ ಕೇಂದ್ರಗಳಿಗೆ ಭತ್ತ ಬೇಕು, ಗೋಧಿ ಬೇಕು. ರಾಗಿಯನ್ನು, ಸಾಮೆಯನ್ನು ಕೇಳುವವರು ಕಡಿಮೆ. ಮಳೆ ಕೈಕೊಟ್ಟ ವರ್ಷವೂ ಮನೆಗೆ ಊಟ ತರುವ ಬೆಳೆ ಇದು. ಆದರೂ ಇದರ ತಳಿ ಸುಧಾರಿಸುವವರು ಬೆರಳೆಣಿಕೆ. ಅಂಥ ಫಾರ್ಮಿನಲ್ಲಿ ಸೊಣ್ಣಕ್ಕನ ಕೆಲಸ ಬೆರಕೆ ಕೀಳುವುದು. ಬೀಜಕ್ಕೆ ಬೆಳೆಸಿದ ತಾಕಿನಲ್ಲಿ ಎಲ್ಲ ಪೈರೂ ಒಂದೇ ಥರ ಇರಬೇಕು. ಬೇರೆ ಥರದ್ದು ಒಂದು ಕಂಡರೆ ಅದು ಬೆರಕೆ, ಕಿತ್ತು ಬಿಸಾಡಬೇಕು. ನಾವು ಓದಿದವರು ಭೂತಗನ್ನಡಿ ಹಿಡಿದು, ಪುಸ್ತಕ ತಿರುವಿ, ಇದು ಬೇರೆ ಇರಬಹುದೇನೋ ಅನ್ನುವಷ್ಟರಲ್ಲಿ ಸೊಣ್ಣಕ್ಕ ಅದನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ನಾಲ್ಕು ಸಾಲು ಮುಂದೆ ಹೋಗಿರುತ್ತಿದ್ದರು. ಐದು ಎಲೆಯ ಪೈರನ್ನು ನೋಡಿ ಅದರ ತಾಯಿ ಯಾವುದು, ತಂದೆ ಯಾವುದು ಹೇಳುವ ಕಣ್ಣು ಅದು.

ಆ ಕಣ್ಣಿನ ಬಗ್ಗೆಯೇ ಇವತ್ತು ಮಾತಾಡಬೇಕು. ಬೇರೆ ಏನೂ ಮಾತಾಡದಿದ್ದರೂ ಅದನ್ನು ಮಾತಾಡಲೇಬೇಕು.

ತೊಂಬತ್ತಮೂರರಲ್ಲಿ ನಮ್ಮಲ್ಲಿಗೆ ಆಫ್ರಿಕಾದ ತಳಿ ವಿಜ್ಞಾನಿಗಳು ತರಬೇತಿಗೆ ಬರುವುದು ಶುರುವಾಯಿತು. ನಿಮ್ಮಲ್ಲಿ ಬಹಳ ಜನ ಅವರನ್ನು ನೋಡಿದ್ದೀರಿ. ಒಂದು ವರ್ಷ ಇಲ್ಲೇ ಇದ್ದು, ರಾಗಿ, ಸಾಮೆಯ ತಳಿ ಕೂಡಿಸುವುದನ್ನು ಕಲಿತು ಹೋಗುವುದು. ಮೊದಲ ದಿನ ಎಲ್ಲರೂ ಟೈ ಕಟ್ಟಿ, ಬೂಟು ಹೊಳಪಿಸಿ ಬರುತ್ತಿದ್ದರು. ಸೊಣ್ಣಕ್ಕ ಬದುವಿನ ಮೇಲೆ ನಿಂತು ಏನೂ ಮಾತಾಡದೆ ಬೂಟಿನ ಕಡೆ — ಹೀಗೆ — ಬೆರಳು ತೋರಿಸುತ್ತಿದ್ದರು. ಎಂ.ಎಸ್ಸಿ., ಪಿಎಚ್.ಡಿ. ಮಾಡಿದವರು ಬೂಟು ಬಿಚ್ಚಿ, ಕಾಲುಚೀಲ ಮಡಿಸಿ ಜೇಬಿಗೆ ಹಾಕಿಕೊಂಡು ಕೆಸರಿಗೆ ಇಳಿಯುತ್ತಿದ್ದರು. ಭಾಷೆ ಬೇಕಾಗಲೇ ಇಲ್ಲ.

ತೊಂಬತ್ತನಾಲ್ಕರ ಜನವರಿಯಲ್ಲಿ ಉಗಾಂಡಾದಿಂದ ಅಪಿಯೋ ಅನ್ನುವ ಹುಡುಗಿ ಬಂದಳು. ಇಪ್ಪತ್ತಾರು ಇಪ್ಪತ್ತೇಳು ವಯಸ್ಸು, ಎತ್ತರದ ಹುಡುಗಿ, ಮಾತು ಮೆಲ್ಲಗೆ. ಸೊಣ್ಣಕ್ಕ ಎರಡನೇ ದಿನವೇ ಅವಳನ್ನು ಅಪ್ಪಿ ಅಂತ ಕರೆದರು. ಅವಳಿಗೂ ಅದೇ ಹೆಸರಾಯಿತು. ಮಧ್ಯಾಹ್ನ ಬೇವಿನ ಮರದ ಕೆಳಗೆ ಸೊಣ್ಣಕ್ಕ ಮುದ್ದೆ ಬಿಚ್ಚಿದಾಗ ಅಪ್ಪಿ ಪಕ್ಕದಲ್ಲಿ ಕೂತು, ಯಾರೂ ಹೇಳಿಕೊಡದೆ ತುಂಡು ಮುರಿದು, ಹೆಬ್ಬೆರಳಲ್ಲಿ ಗುಳಿ ಒತ್ತಿ, ಸಾರಿಗೆ ಅದ್ದಿ ತಿಂದಳು. ಅವರ ಮನೆಯಲ್ಲೂ ರಾಗಿಹಿಟ್ಟನ್ನು ಹೀಗೇ ತಿರುವುತ್ತಾರಂತೆ, ಅತಪ್ ಅನ್ನುತ್ತಾರಂತೆ. ಕೃಷ್ಣಪ್ರಸಾದ್ ಡಾಕ್ಟರು ಆವತ್ತು ಪಾಠದಲ್ಲಿ, ಸಾವಿರಾರು ವರ್ಷದ ಹಿಂದೆ ರಾಗಿ ನಮ್ಮ ದೇಶಕ್ಕೆ ಬಂದದ್ದೇ ಆಫ್ರಿಕಾದಿಂದ ಅಂದಿದ್ದರು. ಅದನ್ನು ನಾನು ಸೊಣ್ಣಕ್ಕನಿಗೆ ಹೇಳಿದೆ. ಅವರು ಅಪ್ಪಿಯನ್ನು ಮೇಲಿನಿಂದ ಕೆಳಗೆ ನೋಡಿ, ‘ಅಂಗಾದ್ರೆ ಇವುಳೇ ತವರ್ಮನೇವ್ಳು. ನಾವ್ ರಾಗಿ ತಂದ್ಕಂಡ್ ಬಂದವ್ರು. ಇವುಳ್ಗೆ ನಾವೇನ್ಲಾ ಕಲ್ಸಾದು’ ಅಂದರು.

ಅಪ್ಪಿಗೆ ಕಲಿಯಬೇಕಾದ್ದು ಇತ್ತು. ಅವಳ ಊರ ಕಡೆ ಗಲಾಟೆ ನಡೆದು ದನಗಳೆಲ್ಲ ಲೂಟಿಯಾಗಿದ್ದವು. ಎತ್ತಿಲ್ಲದೆ ಗುದ್ದಲಿಯಲ್ಲಿ ಅಗೆದು ಬಿತ್ತುವುದು ತಡವಾಗುತ್ತಿತ್ತು. ತಡವಾದ ಪೈರು ಮಳೆ ತಪ್ಪಿ ಒಣಗುತ್ತಿತ್ತು, ಉಳಿದದ್ದು ಬೆಂಕಿ ರೋಗಕ್ಕೆ ಸುಟ್ಟಂತಾಗುತ್ತಿತ್ತು. ಬೇಗ ಬರುವ, ರೋಗ ತಡೆಯುವ ರಾಗಿ ಬೇಕು. ಅದಕ್ಕೆ ತನ್ನ ಅಜ್ಜಿಯ ಹೊಲದ ರಾಗಿಯನ್ನೇ ತಂದಿದ್ದಳು — ಅಗಲ ಎಲೆ, ಉದ್ದ ತೆನೆ, ಹಸಿರು ಗಿಣ್ಣು. ಅದನ್ನು ನಮ್ಮ ನೇರಳೆ ಗಿಣ್ಣಿನ, ಬೇಗ ಬರುವ ರಾಗಿಯ ಜತೆ ಕೂಡಿಸಬೇಕು.

ಹೇಳಿದಷ್ಟು ಸುಲಭ ಅಲ್ಲ ಸ್ವಾಮಿ. ರಾಗಿಯ ಹೂವು ಸೂಜಿಯ ಕಣ್ಣಿಗಿಂತ ಚಿಕ್ಕದು. ತನ್ನ ಪರಾಗ ತಾನೇ ತೆಗೆದುಕೊಂಡು ಮುಗಿಸಿಬಿಡುತ್ತದೆ, ಹೊರಗಿನದ್ದನ್ನು ಹತ್ತಿರ ಸೇರಿಸುವುದಿಲ್ಲ. ಹಾಗಾಗಿ ತಾಯಿ ತೆನೆಯನ್ನು ಫ್ಲಾಸ್ಕಿನ ಬಿಸಿನೀರಿನಲ್ಲಿ ಐದು ನಿಮಿಷ ಅದ್ದಿ, ಅದರ ಪರಾಗ ಸಾಯಿಸಿ, ತಂದೆ ತೆನೆಯನ್ನು ಪಕ್ಕದಲ್ಲಿ ಕಟ್ಟಿ, ಎರಡಕ್ಕೂ ಒಂದೇ ಕಾಗದದ ಚೀಲ ಹಾಕಬೇಕು. ಆ ಬೇಸಿಗೆ ಆಫೀಸಿನ ಚಹಾದ ಫ್ಲಾಸ್ಕೂ ಅದಕ್ಕೇ ಹೋಯಿತು. ಮೂರು ತಿಂಗಳು ನಾವೆಲ್ಲ ರಾಗಿ ಹೂವಿನ ವಾಸನೆಯ ಚಹಾ ಕುಡಿದೆವು. ಇಷ್ಟೆಲ್ಲ ಮಾಡಿದರೂ ನೂರು ಕಾಳಿನಲ್ಲಿ ಒಂದು ಕೂಡಿಬಂದರೆ ದೊಡ್ಡದು. ಆ ಒಂದನ್ನು ಗುರುತಿಸುವುದು ಬಣ್ಣದಿಂದ. ಹಸಿರು ತಾಯಿಯ ತೆನೆಯಲ್ಲಿ ಹುಟ್ಟಿದ ಪೈರಿನ ಗಿಣ್ಣಿನಲ್ಲಿ ನೇರಳೆ ಬಂತೋ — ಅದು ತಂದೆಯ ಬಣ್ಣ. ಅದೇ ನಿಜವಾದ ಸಂಕರ.

ಈಗ ಸರಿಯಾಗಿ ಕೇಳಿಸಿಕೊಳ್ಳಿ. ಸೊಣ್ಣಕ್ಕನ ಕೆಲಸದಲ್ಲಿ ಬೇರೆ ಬಣ್ಣದ ಪೈರು ಅಂದರೆ ಕಸ. ಅಪ್ಪಿಯ ಕೆಲಸದಲ್ಲಿ ಬೇರೆ ಬಣ್ಣದ ಪೈರು ಅಂದರೆ ಚಿನ್ನ. ಎರಡೂ ತಾಕು ಅಕ್ಕಪಕ್ಕ. ನಡುವೆ ಒಂದು ಮೊಳದ ಬದು.

ಜುಲೈನಲ್ಲಿ ನಾಟಿಯಾಯಿತು. ಆಗಸ್ಟಿನ ಹೊತ್ತಿಗೆ ಅಪ್ಪಿಯ ಸಾವಿರದ ಇನ್ನೂರು ಪೈರಿನಲ್ಲಿ ಹನ್ನೊಂದರ ಗಿಣ್ಣಿಗೆ ನೇರಳೆ ಬಂತು. ಹನ್ನೊಂದೇ. ಅವಳು ಕುಣಿಯಲಿಲ್ಲ, ಆದರೆ ಆ ದಿನ ಆಫೀಸಿನಲ್ಲಿ ಎಲ್ಲರಿಗೂ ಬಿಸ್ಕತ್ತು ಹಂಚಿದಳು. ಮರುದಿನ ಆ ಪೈರುಗಳಿಗೆ ಗುರುತಿನ ಚೀಟಿ ಕಟ್ಟುತ್ತೇನೆ ಅಂದಳು. ಡಿಸೆಂಬರಿಗೆ ಅವಳು ವಾಪಸು ಹೋಗಬೇಕು. ಈ ಹನ್ನೊಂದು ಇದ್ದರೆ ಬೀಜ ಹಿಡಿದು ಹೋಗುತ್ತಾಳೆ. ಇಲ್ಲದಿದ್ದರೆ ಒಂದು ವರ್ಷ ಮನೆ ಬಿಟ್ಟು ಬಂದು, ಬರಿಗೈಯಲ್ಲಿ.

ಚೀಟಿ ಕಟ್ಟುವ ದಿನದ ಮರುದಿನವೇ ದೆಹಲಿಯಿಂದ ತಪಾಸಣೆ ಸಮಿತಿ ಬರುವುದಿತ್ತು. ಆಗ ನಾನು ತಾತ್ಕಾಲಿಕ ಸಹಾಯಕ. ಕೆಲಸ ಕಾಯಂ ಆಗುವುದು ಆ ಸಮಿತಿಯ ಕಣ್ಣಿಗೆ ಫಾರ್ಮ್ ಹೇಗೆ ಕಾಣುತ್ತದೆ ಅನ್ನುವುದರ ಮೇಲೆ ಎಂದು ನಾನೇ ನಂಬಿಕೊಂಡಿದ್ದೆ. ಚೀಟಿ ಕಟ್ಟಬೇಕಿದ್ದ ದಿನ, ಬೆಳಿಗ್ಗೆ ಏಳು ಗಂಟೆ. ಶೆಡ್ಡಿನ ಮುಂದೆ ನಿಂತು ನಾಮಫಲಕಕ್ಕೆ ಬಣ್ಣ ಬಳಿಸುತ್ತಿದ್ದೆ. ಸೊಣ್ಣಕ್ಕ ಬಂದು ಇವತ್ತು ಯಾವ ತಾಕು ಅಂದರು. ಎಲ್ಲ ತಾಕೂ ಒಂದೇ ಬಣ್ಣ ಕಾಣಬೇಕು, ಬೆರಕೆ ಒಂದೂ ಇರಬಾರದು ಅಂದೆ.

ಅವರು ಹೋಗಲಿಲ್ಲ. ಅಲ್ಲೇ ನಿಂತರು. ‘ಅಪ್ಪಿ ತಾಕೂ ಸೇರ್ತಾ?’ ಅಂದರು.

ನಾನು ತಿರುಗಿ ನೋಡಲಿಲ್ಲ. ಕೈಯಲ್ಲಿ ಕುಂಚ ಇತ್ತು. ‘ಎಲ್ಲಾ ಅಂದ್ನಲ್ಲಕ್ಕಾ’ ಅಂದೆ.

ಆ ಮಾತನ್ನು ಈ ಐದು ವರ್ಷದಲ್ಲಿ ಇವತ್ತು ಮೊದಲ ಸಲ ಬಾಯಿ ಬಿಟ್ಟು ಹೇಳುತ್ತಿದ್ದೇನೆ.

ಮಧ್ಯಾಹ್ನ ಅಪ್ಪಿ ಚೀಟಿಗಳನ್ನೂ ದಾರವನ್ನೂ ಹಿಡಿದು ಹೋದಳು. ತಾಕಿನಲ್ಲಿ ಹನ್ನೊಂದು ಗುಳಿ ಇತ್ತು. ಅವಳು ಅಳಲಿಲ್ಲ. ಬದುವಿನ ಮೇಲೆ ಕೂತು ಗುಳಿಗಳನ್ನು ಎಣಿಸಿದಳು, ಮತ್ತೆ ಎಣಿಸಿದಳು. ಸೊಣ್ಣಕ್ಕ ಓಡಿಬಂದರು. ಯಾಕೆ ಹೀಗೆ ಕೂತಿದ್ದಾಳೆ ಅಂದರು. ಆಗ — ನೋಡಿ, ಆಗ, ಎಲ್ಲ ಮುಗಿದ ಮೇಲೆ — ಆ ಹನ್ನೊಂದು ಪೈರು ಏನು ಅಂತ ನಾನು ಅವರಿಗೆ ಹೇಳಿದೆ. ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ತಾಕಿನ ಮುಂದೆ ಇಂಗ್ಲಿಷಿನಲ್ಲಿ ಫಲಕ ಇತ್ತು. ಅದನ್ನು ಓದಲು ಬರುವವರು ಯಾರೂ ಆ ಹೊಲದಲ್ಲಿ ಬಗ್ಗಿ ಕೆಲಸ ಮಾಡುತ್ತಿರಲಿಲ್ಲ.

ಸೊಣ್ಣಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ‘ಆಡು ಇನ್ನೂ ಮನೇಗ್ ಬಂದಿರಲ್ಲ. ನಡೀರಿ’ ಅಂದರು.

ನಮ್ಮ ಹೆಂಗಸರು ಕಿತ್ತ ಪೈರನ್ನು ಎಸೆಯುವುದಿಲ್ಲ. ಕಂತೆ ಕಟ್ಟಿ ಮನೆಗೆ ಕಳಿಸುತ್ತಾರೆ, ಆಡಿಗೆ. ಆವತ್ತಿನ ಕಂತೆ ಮಧ್ಯಾಹ್ನದ ಊಟದ ಹೊತ್ತಿಗೇ ಸೊಣ್ಣಕ್ಕನ ಮನೆ ಸೇರಿತ್ತು. ಮಾದಯ್ಯಣ್ಣ ಆಡು ಹೊಡೆದುಕೊಂಡು ಕಾಡಿನ ಅಂಚಿಗೆ ಹೋಗಿದ್ದ. ಹೊತ್ತು ಇಳಿಯುವ ಮುಂಚೆ ವಾಪಸು ಬರುತ್ತಾನೆ. ಮುಂದೆ ಸೊಣ್ಣಕ್ಕ, ಹಿಂದೆ ಅಪ್ಪಿ, ಅವಳ ಹಿಂದೆ ಸೈಕಲ್ಲಿಗೆ ಬಕೆಟ್ಟು ಸಿಕ್ಕಿಸಿಕೊಂಡು ನಾನು. ಎರಡು ಮೈಲಿ ಅಷ್ಟು ವೇಗವಾಗಿ ನಡೆದವರನ್ನು ನಾನು ನೋಡಿಲ್ಲ. ನಾವು ಬಾಗಿಲು ಮುಟ್ಟುವ ಹೊತ್ತಿಗೆ ಮಾದಯ್ಯಣ್ಣನ ಮುಂದಿನ ಆಡು ಬೀದಿ ತಿರುವಿನಲ್ಲಿತ್ತು. ಮಾದಯ್ಯಣ್ಣ, ನಿನಗೆ ನೆನಪಿರಬೇಕು. ಒಳಗೆ ಬಿಡಬೇಡ ಅಂತ ನಾವು ಮೂವರೂ ಒಟ್ಟಿಗೆ ಕೈ ಅಡ್ಡ ಹಾಕಿದೆವು. ನೀನು ನಮಗೆ ಏನಾಗಿದೆ ಅಂತ ನೋಡುತ್ತ ನಿಂತೆ.

ಕಂತೆ ತೊಟ್ಟಿಯ ಪಕ್ಕ ನೆರಳಲ್ಲಿತ್ತು. ಬಾಡಿತ್ತು, ಒಣಗಿರಲಿಲ್ಲ. ಆದರೆ ಅದರಲ್ಲಿ ಆರು ತಾಕಿನ ಬೆರಕೆ ಇತ್ತು. ನೇರಳೆ ಗಿಣ್ಣಿನ ಪೈರೇ ನೂರಕ್ಕೂ ಹೆಚ್ಚು. ಅಪ್ಪಿ ಅವನ್ನು ನೋಡಿ ಆಗದು ಅಂತ ತಲೆ ಆಡಿಸಿದಳು. ತಳಿ ವಿಜ್ಞಾನ ಓದಿದವಳು ಅವಳು. ಇದರಲ್ಲಿ ತನ್ನದು ಯಾವುದು ಅಂತ ಅವಳಿಗೂ ಗೊತ್ತಾಗಲಿಲ್ಲ, ನನಗಂತೂ ಕೇಳಲೇಬೇಡಿ.

ಸೊಣ್ಣಕ್ಕ ಅಂಗಳಕ್ಕೆ ನೀರು ಚಿಮುಕಿಸಿ, ಕಂತೆ ಬಿಚ್ಚಿ, ಅಕ್ಕಿ ಆರಿಸುವವರ ಹಾಗೆ ಕುಕ್ಕರಗಾಲಲ್ಲಿ ಕೂತರು. ಒಂದು ಪೈರು ಎತ್ತಿ, ಎಲೆಯನ್ನು ಎರಡು ಬೆರಳಲ್ಲಿ ಎಳೆದು ನೋಡಿ, ಈ ಕಡೆ. ಇನ್ನೊಂದು, ಆ ಕಡೆ. ಅಪ್ಪಿಯ ಅಜ್ಜಿಯ ರಾಗಿಯ ಅಗಲ ಎಲೆ, ಬುಡದ ದಪ್ಪ, ಎಲೆ ಅಂಚಿನ ಒರಟು — ಅವಳು ಆರು ತಿಂಗಳು ಬೆಳೆಸಿದ್ದನ್ನು ಈ ಹೆಂಗಸು ಪಕ್ಕದ ತಾಕಿನಿಂದ ಬರೀ ನೋಡಿಕೊಂಡಿದ್ದರು. ಅರ್ಧ ಗಂಟೆಯಲ್ಲಿ ಬಲಗಡೆ ಹನ್ನೊಂದು ಪೈರು ಇತ್ತು. ಸರಿಯಾಗಿ ಹನ್ನೊಂದು. ಎಣಿಸಿದ್ದು ಅಪ್ಪಿ.

ಎಲೆ ತುದಿ ಕತ್ತರಿಸಿ, ಬೇರು ಕೆಸರಿನಲ್ಲಿ ಅದ್ದಿ, ಮಡಕೆಗಳಲ್ಲಿ ನೆಟ್ಟೆವು. ಬಿಸಿಲು ತಾಗದಂತೆ ಹರಳು ಗಿಡದ ಎಲೆ ಮುಚ್ಚಿದೆವು. ನಾನು ನೀರು ಹೊತ್ತೆ. ಬಾಯಿ ಬಿಡಲಿಲ್ಲ.

ಮಾರನೆಯ ದಿನ ಸಮಿತಿಯವರ ಮುಂದೆಯೇ ಡಾಕ್ಟರು ಕೇಳಿದರು, ಸಂಕರದ ಪೈರು ಕೀಳಿಸಿದವರು ಯಾರು ಎಂದು. ಸಾರ್, ನೀವು ತಲೆ ತಗ್ಗಿಸಬೇಡಿ. ನೀವು ಕೇಳಿದ್ದು ಸರಿಯಾಗಿತ್ತು, ನಿಮಗೆ ಸಿಕ್ಕ ಉತ್ತರ ತಪ್ಪು. ಸೊಣ್ಣಕ್ಕ ನನ್ನ ಕಡೆ ನೋಡಿದರು. ನಾನು ನನ್ನ ಪುಸ್ತಕ ನೋಡಿದೆ. ಅವರು ಒಂದು ಹೆಜ್ಜೆ ಮುಂದೆ ಬಂದು, ‘ನಾನೇ ಸಾರ್. ಕಣ್ ತಪ್ಪೋಯ್ತು’ ಅಂದರು.

ಹೊಲದ ದಿನಚರಿಯಲ್ಲಿ ಹಾಗೆಯೇ ಬರೆದಾಯಿತು — ಕೆಲಸದಾಳಿನ ಕಣ್ತಪ್ಪು. ಬರೆದ ಕೈ ನನ್ನದು. ಸೊಣ್ಣಕ್ಕನನ್ನು ತಾಕಿನಿಂದ ತೆಗೆದು ಕಣಕ್ಕೆ ಹಾಕಿದರು. ಇಪ್ಪತ್ತಾರು ವರ್ಷ ಸಾಲಿನ ಮುಂದೆ ನಡೆದವರು ಆ ಹಂಗಾಮು ಪೂರ್ತಿ ಕಣದಲ್ಲಿ ಹೊಟ್ಟು ತೂರಿದರು. ಡಾಕ್ಟರು ಒಳ್ಳೆಯವರು, ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬರಲಿ ಅಂತ ಸೇಲಂಗೆ ಕಳಿಸಿದರು. ಜತೆಗೆ ಹೋದದ್ದು ಯಾರು? ನಾನೇ. ಆಸ್ಪತ್ರೆಯಲ್ಲಿ ಅಕ್ಷರ ಬರದವರಿಗೆ ತೋರಿಸುವ ಹಲಗೆ ಇತ್ತು. ಗುರುತು ಯಾವ ಕಡೆ ತಿರುಗಿದೆ ಅಂತ ಕೈಯಲ್ಲಿ ತೋರಿಸಬೇಕು. ಸೊಣ್ಣಕ್ಕ ಕಟ್ಟಕಡೆಯ ಸಾಲಿನವರೆಗೆ ತೋರಿಸಿ, ಅದರ ಕೆಳಗೆ ಅಚ್ಚು ಹಾಕಿದವರ ಸಣ್ಣ ಗುರುತನ್ನೂ ಬಿಡದೆ ತೋರಿಸಿದರು. ವೈದ್ಯರು ನಕ್ಕು, ಈ ಅಮ್ಮನನ್ನು ಯಾಕೆ ಕರೆದುಕೊಂಡು ಬಂದಿರಿ ಅಂದರು. ನನ್ನ ಹತ್ತಿರ ಉತ್ತರ ಇತ್ತು. ಕೊಡಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ, ಅದಿಯಮಾನ್‌ಕೋಟೆ ದಾಟಿದ ಮೇಲೆ, ನಾನೇ ಶುರು ಮಾಡಿದೆ. ಅಕ್ಕಾ, ನಾಳೆ ಹೋಗಿ ಹೇಳಿಬಿಡುತ್ತೇನೆ ಅಂದೆ. ಅವರು ಕಿಟಕಿ ಆಚೆ ನೋಡುತ್ತಲೇ ಇದ್ದರು.

‘ನೀನ್ ಟೆಂಪರವರಿ. ಏಳುದ್ರೆ ನಾಳೀಕೇ ಓಗ್ತೀಯ. ನನ್ನ ಎಲ್ಲೀಗ್ ಓಡುಸ್ತಾರೆ? ಪರವಾಯಿಲ್ಲ ಬುಡು’ ಅಂದರು. ಆಮೇಲೆ ನನ್ನ ಕಡೆ ತಿರುಗಿ, ‘ಆದ್ರೆ ಒಂದ್ ಮಾಡು. ನಾಳೆಯಿಂದ ತಾಕ್ಗೆ ಇಳಿಯೋ ಮುಂಚೆ, ಯಾವ್ ತಾಕು ಯಾತಕ್ಕ್ ಐತೆ ಅಂತ ಎಲ್ರಿಗೂ ಏಳು. ಏಳ್ದೆ ನಮ್ಮುನ್ ಇಳುಸ್ಬ್ಯಾಡ’ ಅಂದರು.

ಬೇವಿನ ಮರದ ಕೆಳಗೆ ಬೆಳಿಗ್ಗೆ ತಾಕು ಹೇಳುವುದು ಶುರುವಾದದ್ದು ಹೀಗೆ. ನಿಮಗೆಲ್ಲ ಅದು ಈ ಫಾರ್ಮಿನ ಹಳೆಯ ಪದ್ಧತಿ ಅನ್ನಿಸಿರಬಹುದು. ಅಲ್ಲ, ಅದಕ್ಕೆ ಐದು ವರ್ಷ ವಯಸ್ಸು. ಮೊದಲು ನಾನು ಹೇಳುತ್ತಿದ್ದೆ. ಆಮೇಲೆ ಬಂದ ತರಬೇತಿಯವರೇ ಹೇಳಬೇಕು ಅಂತಾಯಿತು. ಮಲಾವಿಯವರು, ಇಥಿಯೋಪಿಯಾದವರು, ಟಾಂಜಾನಿಯಾದವರು — ಹರಕು ತಮಿಳು, ಮುರುಕು ಕನ್ನಡ, ಕೈಸನ್ನೆ — ಈ ಹೆಂಗಸರ ಮುಂದೆ ನಿಂತು, ನನ್ನ ತಾಕು ಯಾತಕ್ಕೆ ಅಂತ ಹೇಳಬೇಕು. ಕಣದಿಂದ ವಾಪಸು ಬಂದ ಸೊಣ್ಣಕ್ಕ ಕಲ್ಲಿನ ಮೇಲೆ ಕೂತು ಕೇಳುತ್ತಿದ್ದರು. ಅವರಿಗೆ ಅರ್ಥವಾಗದಿದ್ದರೆ ಆ ದಿನ ತಾಕಿಗೆ ಇಳಿಯುವಂತಿಲ್ಲ. ಒಬ್ಬ ಇಥಿಯೋಪಿಯಾದ ಡಾಕ್ಟರು ಮೂರು ದಿನ ಹೊರಗೆ ನಿಂತಿದ್ದರು. ನಾಲ್ಕನೆಯ ದಿನ ಅವರಿಗೇ ತಮ್ಮ ಪ್ರಯೋಗದಲ್ಲಿ ಒಂದು ತಪ್ಪು ಕಂಡಿತು. ಬಂದು ಸೊಣ್ಣಕ್ಕನ ಕಾಲು ಮುಟ್ಟಲು ಹೋದರು.

ಹನ್ನೊಂದರಲ್ಲಿ ನಾಲ್ಕು ಪೈರು ಬದುಕಿದವು. ನಾಲ್ಕು ಸಾಕು. ರಾಗಿ ಜಿಪುಣನಲ್ಲ, ಒಂದೊಂದು ಪೈರೂ ಸಾವಿರಗಟ್ಟಲೆ ಕಾಳು ಕೊಟ್ಟಿತು. ಡಿಸೆಂಬರಿನಲ್ಲಿ ಬೀಜದ ಪೊಟ್ಟಣಗಳಿಗೆ ಮೊಹರು, ಸರಕಾರದ ಪತ್ರ ಎಲ್ಲ ಆಗಿತ್ತು. ಹೊರಡುವ ದಿನ ಸೊಣ್ಣಕ್ಕ ಅಪ್ಪಿಯನ್ನು ಪೂರ್ವಕ್ಕೆ ಮುಖ ಮಾಡಿಸಿ ನಿಲ್ಲಿಸಿ, ಸೆರಗಿಲ್ಲದ ಹುಡುಗಿಗೆ ತಮ್ಮ ಟವಲನ್ನೇ ಹಿಡಿಸಿ, ಆ ಮೊಹರು ಹಾಕಿದ ಪೊಟ್ಟಣಗಳನ್ನೇ ಎಲೆ ಅಡಿಕೆ, ತೆಂಗಿನಕಾಯಿ ಜತೆ ಮಡಿಲಿಗೆ ತುಂಬಿದರು. ಅಪ್ಪಿ ಆವತ್ತು ಅತ್ತಳು. ನಾವೂ.

ಸೊಣ್ಣಕ್ಕ ಹೋಗಿ ಇವತ್ತಿಗೆ ಹದಿಮೂರು ದಿನ. ಎದೆನೋವು ಅಂದವರು ಧರ್ಮಪುರಿಯ ಆಸ್ಪತ್ರೆ ಮುಟ್ಟಲಿಲ್ಲ. ಅವರು ಹೋದ ನಾಲ್ಕನೆಯ ದಿನ ಅವರ ಹೆಸರಿಗೆ ಒಂದು ಕಾಗದ ಬಂತು, ಉಗಾಂಡಾದಿಂದ. ಇಂಗ್ಲಿಷಿನಲ್ಲಿತ್ತು, ಶಾಂತಿ ತಂದು ನನ್ನ ಕೈಗೆ ಕೊಟ್ಟು ಓದಿ ಹೇಳಿ ಅಂದಳು. ಸುದ್ದಿ ಬಹಳ ಒಳ್ಳೆಯದು. ಆ ನಾಲ್ಕು ಪೈರಿನ ಸಂತಾನದಲ್ಲಿ ಆರಿಸಿ ಆರಿಸಿ, ಒಂದು ತಳಿ ಈ ವರ್ಷ ನಲವತ್ತು ಮನೆಗಳ ಹೊಲದಲ್ಲಿದೆ. ಬೇಗ ಬರುತ್ತದೆ, ಬೆಂಕಿ ರೋಗ ಕಡಿಮೆ. ಎತ್ತಿಲ್ಲದವರೂ ಹೊತ್ತಿಗೆ ಕೊಯ್ಯುತ್ತಿದ್ದಾರೆ. ಅಪ್ಪಿ ಈಗ ತಾನೇ ತರಬೇತಿ ಕೊಡುತ್ತಾಳೆ. ಸುತ್ತಲಿನ ಮೂರು ದೇಶದವರು ಅವಳ ಹತ್ತಿರ ಕಲಿಯಲು ಬರುತ್ತಾರೆ. ಅಲ್ಲೂ ಒಂದು ಮರ ಇದೆಯಂತೆ. ಅಲ್ಲೂ ಬೆಳಿಗ್ಗೆ ತಾಕು ಹೇಳುತ್ತಾರಂತೆ.

ಅಷ್ಟು ಓದುವಾಗ ನನ್ನ ದನಿ ಚೆನ್ನಾಗಿತ್ತು. ಆಮೇಲಿನ ಸಾಲು ಬಂತು. ಹೊಸಬರಿಗೆ ಮೊದಲ ದಿನ ಅವಳು ಒಂದು ಕಥೆ ಹೇಳುತ್ತಾಳಂತೆ — ಬಹಳ ದೂರದ ಒಂದು ಊರಿನಲ್ಲಿ ಎಲ್ಲರಿಗಿಂತ ಚೂಪು ಕಣ್ಣಿನ ತಾಯಿಯೊಬ್ಬಳಿದ್ದಳು, ಅವಳ ಕಣ್ಣೂ ಒಂದು ದಿನ ತಪ್ಪಿತು, ಆದ್ದರಿಂದ ಎಚ್ಚರವಾಗಿರಿ ಎಂದು.

ನನಗೆ ಓದಲಾಗಲಿಲ್ಲ. ಶಾಂತಿ, ಕನ್ನಡಕ ಮರೆತೆ ಅಂದೆನಲ್ಲ ನಿನಗೆ — ಕನ್ನಡಕ ಜೇಬಿನಲ್ಲೇ ಇತ್ತು. ಮೂರು ದೇಶದಲ್ಲಿ, ನಾನು ಮುಖ ನೋಡದ ಜನ, ನನ್ನ ಸುಳ್ಳನ್ನು ಪಾಠವಾಗಿ ಕಲಿಯುತ್ತಿದ್ದಾರೆ. ಸೊಣ್ಣಕ್ಕನ ಹೆಸರಿನಲ್ಲಿ.

ಆ ಕಣ್ಣು ತಪ್ಪಿರಲಿಲ್ಲ. ಮಾದಯ್ಯಣ್ಣ, ಶಾಂತಿ, ಡಾಕ್ಟರ್ ಸಾರ್, ಹಿಂದೆ ಕೂತಿರುವ ನೀವೆಲ್ಲ — ಸೊಣ್ಣಮ್ಮನ ಕಣ್ಣು ಒಂದು ದಿನವೂ ತಪ್ಪಿರಲಿಲ್ಲ. ಅವರಿಗೆ ಅನುಮಾನ ಬಂದಿತ್ತು, ಬಂದು ನಿಂತು ಕೇಳಿದ್ದರು. ತಿರುಗಿ ನೋಡದೆ ಎಲ್ಲಾ ಅಂದವನು ನಾನು.

ನಿನ್ನೆ ಅಪ್ಪಿಗೆ ಕಾಗದ ಬರೆದು ಹಾಕಿದ್ದೇನೆ. ಕಥೆಯನ್ನು ಬಿಡಬೇಡ, ಸರಿಯಾಗಿ ಹೇಳು, ನನ್ನ ಹೆಸರು ಹಾಕಿಯೇ ಹೇಳು ಅಂದಿದ್ದೇನೆ. ತೊಂಬತ್ತನಾಲ್ಕರ ದಿನಚರಿ ಇಲ್ಲಿ ತಂದಿದ್ದೇನೆ ಸಾರ್. ಆ ಸಾಲು ಹೊಡೆದು ಕೆಳಗೆ ನಿಜ ಬರೆದು ಸಹಿ ಮಾಡಿದ್ದೇನೆ. ನೀವೂ ಒಂದು ಸಹಿ ಹಾಕಬೇಕು. ಮುಂದಿನದ್ದು ನಿಮ್ಮಿಷ್ಟ, ನಾನು ಈಗ ಟೆಂಪರವರಿ ಅಲ್ಲ, ಆದರೂ ತಯಾರಿದ್ದೇನೆ. ನಾಳೆ ಬೆಳಿಗ್ಗೆ ಏಳಕ್ಕೆ ಹೊಸ ತಂಡದ ಐವರು ಬೇವಿನ ಮರದ ಕೆಳಗೆ ಬರುತ್ತಾರೆ. ಅವರಿಗೆ ಮೊದಲ ತಾಕು ಹೇಳುವುದು ಇದನ್ನೇ.

ಈಗ ಎಲ್ಲರೂ ಏಳಬೇಕು. ಹಿಂದೆ ಕೂತವರು ಮುಂದೆ ಬನ್ನಿ, ಇವತ್ತು ಬರಲೇಬೇಕು, ಸೊಣ್ಣಕ್ಕ ಸಾಲಿನ ಮುಂದೆ ನಡೆದವರು. ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತದೆ. ಐದು ವರ್ಷ ನನಗಾಗಿ ಸುಮ್ಮನಿದ್ದೆ. ಈ ಎರಡು ನಿಮಿಷ ಅವರಿಗಾಗಿ — ದಯವಿಟ್ಟು, ನನ್ನ ಜತೆ ಎದ್ದು ನಿಲ್ಲಿ.